ಒದ್ದೆ ಕಾಗದದ ಅಕ್ಕ

ನನ್ನ ಮೊಮ್ಮಗಳ ಚಿತ್ರದಲ್ಲಿ ಮೂಗಿಲ್ಲ. ಇದರ ಮೇಲೆ ನಮ್ಮ ಮನೆಯಲ್ಲಿ ಪಂಚಾಯಿತಿ ನಡೀತಾ ಇದೆ.

ಮಗಳಿಗೆ ಮದುವೆಯಾಗಿ ಎಷ್ಟೋ ವರ್ಷ ಕಾದ ಮೇಲೆ ಹುಟ್ಟಿದ ಕೂಸು. ನನ್ನ ಜೊತೆಯವರೆಲ್ಲ ಮೊಮ್ಮಕ್ಕಳ ಮದುವೆ ಊಟ ಉಂಡು ಬರೋ ವಯಸ್ಸಲ್ಲಿ ನಾನು ಈಗ ತಾನೇ ಅಜ್ಜಿ ಆಗಿದೀನಿ. ಕಾಲು ನೆಲದ ಮೇಲೆ ನಿಲ್ತಿಲ್ಲ. ತರಕಾರಿ ಗಾಡಿಯವನಿಗೂ ಹೇಳಿದೀನಿ, ಕೊರಿಯರ್ ತಂದವನಿಗೂ ಹೇಳಿದೀನಿ. ಮೊನ್ನೆ ಅದು ತೊಟ್ಟಿಲಲ್ಲಿ ಮಲಗಿದ್ದಾಗ ಕಾಗದ ಒದ್ದೆ ಮಾಡಿಕೊಂಡು ಕೂತೆ. ಒಂದು ಚೂರು ಕೆಂಪು, ಒಂದು ಚೂರು ಹಳದಿ ಬಿಟ್ಟೆ. ಎರಡೂ ಸೇರಿ ಹರಡಿ ಕೆನ್ನೆ ತಾನಾಗೇ ಬಂತು. ತಲೆಗೆ ಕಂದು ಬಿಟ್ಟೆ, ಅದು ಮೆಲ್ಲಗೆ ಹರಿದು ಕುಲಾವಿಯ ಅಂಚಲ್ಲಿ ಹೋಗಿ ನಿಂತಿತು. ಮುಚ್ಚಿದ ಕಣ್ಣಿಗೆ ಎರಡು ಸಣ್ಣ ಬಾಗು. ಇನ್ನು ಮೂಗು ಅಂತ ಕೈ ಹೋಯಿತು. ತಡೆದೆ. ಬ್ರಶ್ ಕೆಳಗಿಟ್ಟೆ.

ಬೀಗಿತ್ತಿ ಬಂದು ನೋಡಿದರು. ಅಳಿಯನ ತಾಯಿ, ಬಸವನಗುಡಿಯವರು. ಒಳ್ಳೆ ಮನಸ್ಸು, ಆದರೆ ಕಂಡದ್ದು ಆಡದೆ ಬಿಡೋರಲ್ಲ.

"ಮೂಗೆಲ್ರೀ?"

"ಇದೆ."

"ಎಲ್ಲಿದೆ?"

"ಎರಡು ಕೆನ್ನೆ ಮಧ್ಯ."

"ಅಲ್ಲೇನೂ ಇಲ್ವಲ್ರೀ, ಬರೀ ಕಾಗದ ಇದೆ."

"ಅದೇ ಮೂಗು."

ಬೀಗಿತ್ತಿ ಕನ್ನಡಕ ತೆಗೆದು, ಸೆರಗಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ನಮ್ಮ ವಂಶದಲ್ಲಿ ಎಲ್ರಿಗೂ ಮೂಗು ಎದ್ದು ಕಾಣುತ್ತೆ. ನಿಮ್ಮ ಕಡೆ ಹೇಗೋ ಗೊತ್ತಿಲ್ಲ" ಅಂದರು.

ನಾನು ನಕ್ಕುಬಿಟ್ಟೆ. ಮೂಗು ಬರೆಯದೆ ಬಿಡೋಕೆ ಎಷ್ಟು ಧೈರ್ಯ ಬೇಕು ಅಂತ ಅವರಿಗೆ ಹೇಗೆ ಹೇಳಲಿ. ಆ ಧೈರ್ಯ ನಾನು ಕಲಿತಿದ್ದು ಒಬ್ಬರು ಹೆಂಗಸಿನಿಂದ. ತಮಾಷೆ ಏನಪ್ಪಾ ಅಂದರೆ ಅವರಿಗೇ ಆ ಧೈರ್ಯ ಇರಲಿಲ್ಲ.

ಜಯನಗರದವರು. ಈಗ ಇಲ್ಲಿಲ್ಲ, ಮೈಸೂರು ಸೇರಿಕೊಂಡಿದ್ದಾರೆ. ಹೆಸರು ಬರೆಯಲ್ಲ. ಅವರು ಕೆಲಸ ಮಾಡಿದ್ದು ಟೆಲಿಫೋನ್ ಎಕ್ಸ್‌ಚೇಂಜಲ್ಲಿ, ಟ್ರಂಕ್ ಕಾಲ್ ಜೋಡಿಸೋ ಕೆಲಸ. "ಸರ್ವಿಸ್ ಪೂರ್ತಿ ನನ್ನ ಹೆಸರು ಒಬ್ರೂ ಕೇಳ್ಲಿಲ್ಲ ಕಣೇ, ಹಲೋ ಹಲೋ ಅಂತಿದ್ರು ಅಷ್ಟೇ. ಅದೇ ಚೆನ್ನಾಗಿತ್ತು" ಅಂತಿದ್ದರು. ನಾನು ಅಕ್ಕ ಅಂತಿದ್ದೆ. ಇಲ್ಲೂ ಅಕ್ಕ ಅಂತಲೇ ಇರಲಿ. ಮದುವೆ ಆಗಿರಲಿಲ್ಲ. ಯಾಕೆ ಅಂತ ಕೇಳಿದವರಿಗೆ "ಲೈನ್ ಎಂಗೇಜ್ ಇತ್ತು" ಅಂತ ಹೇಳಿ ಅವರೇ ಮೊದಲು ನಗೋರು. ಮನೆಯಲ್ಲಿ ಫೋನ್ ಇರಲಿಲ್ಲ, ಕೈಯಲ್ಲೂ ಇಲ್ಲ. "ಊರವರ ಮಾತೆಲ್ಲ ಜೋಡ್ಸಿ ಜೋಡ್ಸಿ ನನ್ನ ಕಿವಿ ಯಾವತ್ತೋ ರಿಟೈರ್ ಆಯ್ತು. ಬೇಕಾದೋರು ಬಾಗ್ಲು ತಟ್ಲಿ." ಹಾಗಾಗಿ ಈಗ ನಮ್ಮಿಬ್ಬರ ಮಧ್ಯೆ ಮಾತುಕತೆ ಇಲ್ಲ. ಜಗಳ ಆಗಿಲ್ಲ, ಫೋನಿಲ್ಲ ಅಷ್ಟೇ.

ನಾನು ಅವರನ್ನು ಮೊದಲು ಕಂಡಿದ್ದು ಜೆ.ಪಿ. ನಗರದ ಪಾರ್ಕಲ್ಲಿ. ಶುಗರ್ ಇಳಿಸೋಕೆ ಸುತ್ತು ಹಾಕ್ತಿದ್ದೆ. ಹೊಂಗೆ ಮರದ ಎದುರು ಮಡಚೋ ಸ್ಟೂಲ್ ಹಾಕಿಕೊಂಡು ಒಬ್ಬರು ಎತ್ತರದ ಹೆಂಗಸು ಕೂತಿದ್ದಾರೆ. ನೆರಿಗೆ ಎತ್ತಿ ಸಿಕ್ಕಿಸಿದ ಕಾಟನ್ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ, ತಲೆಗೆ ಗಂಡಸರ ಟೋಪಿ. ತೊಡೆ ಮೇಲೆ ಮಕ್ಕಳು ಪರೀಕ್ಷೆಗೆ ತಗೊಂಡು ಹೋಗೋ ಕ್ಲಿಪ್ಪಿನ ಪ್ಯಾಡು. ಕಣ್ಣು ಅರ್ಧ ಮುಚ್ಚಿದೆ, ಬಾಯಿ ಸ್ವಲ್ಪ ತೆರೆದಿದೆ, ತಲೆ ಒಂದು ಕಡೆ ವಾಲಿದೆ. ಪಾಪ, ಇವರಿಗೆ ಶುಗರ್ ಕಮ್ಮಿ ಆಗಿದೆ ಅಂದುಕೊಂಡೆ.

"ಮೇಡಂ, ತಲೆ ಸುತ್ತುತ್ತಾ?"

"ಇಲ್ಲಮ್ಮ. ಮರ ನೋಡ್ತಿದೀನಿ."

"ಕಣ್ಣು ಮುಚ್ಕೊಂಡಾ?"

"ಅರ್ಧ."

ನಾನು ನಂಬಲಿಲ್ಲ. ಸೆರಗಿನ ತುದಿಗೆ ಕಟ್ಟಿಕೊಂಡಿದ್ದ ಪೆಪ್ಪರ್‌ಮಿಂಟ್ ಬಿಚ್ಚಿ ಕೊಟ್ಟೆ. ಬಾಯಿಗೆ ಹಾಕಿಕೊಂಡು, "ನೀನೂ ಮುಚ್ಚಿ ನೋಡು" ಅಂದರು. "ಪೂರ್ತಿ ತೆರೆದ್ರೆ ಎಲೆ ಎಲೇನೇ ಕಾಣುತ್ತೆ. ಅಷ್ಟೆಲ್ಲಾ ಎಲೆ ಯಾರು ಬರೀತಾರೆ. ಅರ್ಧ ಮುಚ್ಚಿದ್ರೆ ಮರ ಕಾಣುತ್ತೆ."

ಮುಚ್ಚಿದೆ. ಎಲೆಗಳೆಲ್ಲ ಮಾಯವಾಗಿ ಒಂದು ದೊಡ್ಡ ಹಸಿರು ಮುದ್ದೆ, ಅದರ ಹೊಟ್ಟೆಯಲ್ಲೊಂದು ಕಪ್ಪು ಮುದ್ದೆ, ಅಲ್ಲಲ್ಲಿ ಆಕಾಶದ ತೂತು. ದಿನಾ ಆ ಮರದ ಕೆಳಗೇ ನಡೀತಿದ್ದೆ, ತೂತು ನೋಡಿರಲಿಲ್ಲ. ಇಬ್ಬರೂ ಹಾಗೇ ಕಣ್ಣು ಕಿರಿದು ಮಾಡಿಕೊಂಡು ಬಾಯಿ ಬಿಟ್ಟು ಕೂತಿದ್ದಾಗ ವಾಕಿಂಗ್ ಬಂದ ಅಂಕಲ್ ಒಬ್ಬರು ನಿಂತು, "ಇದು ಯಾವ ಪ್ರಾಣಾಯಾಮ ಮೇಡಂ?" ಅಂದರು.

ಮಾರನೇ ದಿನದಿಂದ ನನ್ನ ಶುಗರ್ ಸುತ್ತು ನಿಂತುಹೋಯಿತು.

ನಾನು ಶಾಲೆಗೆ ಹೋಗಿದ್ದು ಕಮ್ಮಿ. ಕೈಗೆ ಗೊತ್ತಿದ್ದ ಗೆರೆ ಅಂದರೆ ಬಾಗಿಲ ಮುಂದಿನ ರಂಗೋಲಿ ಒಂದೇ. ರಂಗೋಲಿಯಲ್ಲಿ ಗೆರೆ ಕೂಡಲೇಬೇಕು. ಎಲ್ಲಿಂದ ಹೊರಟಿತೋ ಅಲ್ಲಿಗೆ ಬಂದು ಮುಟ್ಟಬೇಕು. ತೆರೆದು ಬಿಟ್ಟರೆ ಮನೆಗೆ ಒಳ್ಳೇದಲ್ಲ ಅಂತ ನಮ್ಮಮ್ಮ ಬೆರಳ ಮೇಲೆ ಹೊಡೆದು ಕಲಿಸಿದ್ದು. ಹಾಗಾಗಿ ಅಕ್ಕ ಕೈಗೆ ಬ್ರಶ್ ಕೊಟ್ಟು ಮರ ಬರಿ ಅಂದಾಗ ನಾನು ಮರದ ಸುತ್ತ ಒಂದು ಗೆರೆ ಎಳೆದು, ಬಿಗಿಯಾಗಿ ಕೂಡಿಸಿ, ಒಳಗೆ ಹಸಿರು ತುಂಬಿದೆ. ಹೊರಗೆ ಒಂದು ತೊಟ್ಟೂ ಹೋಗಲಿಲ್ಲ. ಹೆಮ್ಮೆಯಿಂದ ತೋರಿಸಿದೆ.

"ಮರಕ್ಕೆ ಕಾಂಪೌಂಡ್ ಹಾಕ್ಬಿಟ್ಯಲ್ಲೇ" ಅಂದರು ಅಕ್ಕ. "ಸೈಟ್ ಮಾಡಿ ಮಾರ್ತೀಯಾ? ಗಾಳಿ ಎಲ್ಲಿಂದ ಬರ್ಬೇಕು ಅದಕ್ಕೆ?"

"ಗೆರೆ ಕೂಡಿಸ್ದೆ ಬಿಡಬಾರ್ದು ಅಕ್ಕ."

"ಅದು ಬಾಗ್ಲಲ್ಲಿ. ಇಲ್ಲಿ ಬಿಡು. ಒಂದೇ ಒಂದು ಕಡೆ ಬಿಡು, ನಿಮ್ಮಮ್ಮನಿಗೆ ನಾನು ಹೇಳ್ಕೋತೀನಿ."

ಇನ್ನೊಂದು ಕಾಗದ ಕ್ಲಿಪ್ಪಿಗೆ ಸಿಕ್ಕಿಸಿದರು. ಅಗಲ ಬ್ರಶ್ಶಲ್ಲಿ ಬರೀ ನೀರು ಬಳಿದರು. ಕಾಗದ ತೊಳೆದ ಅಂಗಳದ ಹಾಗೆ ಹೊಳೀತು. ನಾನು ಹಸಿರು ಮುಟ್ಟಿಸಿದೆ ಅಷ್ಟೇ. ನೋಡ್ತಾ ಇದ್ದ ಹಾಗೇ ಅದು ಹೊರಟುಬಿಟ್ಟಿತು, ಬಿಸಿ ಹಾಲಿಗೆ ಹಾಕಿದ ಕೇಸರಿ ಎಳೆ ಬಣ್ಣ ಬಿಡುತ್ತಲ್ಲ ಹಾಗೆ. ಎಲ್ಲೆಲ್ಲೋ ಹೋಯಿತು. ಹಿಡೀಬೇಕು ಅಂತ ಕೈ ಚಾಚಿದೆ, ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡರು. "ಬಿಡು, ಅದಕ್ಕೆ ದಾರಿ ಗೊತ್ತು." ಮೇಲ್ಗಡೆ ಆಕಾಶದೊಳಗೆ ನುಗ್ಗಿದ ಹಸಿರು ಬೆಳ್ಳಗೆ ತೆಳ್ಳಗೆ ಆಗಿ ಚಿಗುರಾಯಿತು. ಆಣೆ ಮಾಡ್ತೀನಿ, ಆ ಚಿಗುರು ನಾನು ಬರೆಯಲಿಲ್ಲ. ನೀರು ಬರೆಯಿತು. ನನಗೆ ನಗು ಬಂತು. ಯಾಕೆ ಅಂತ ಗೊತ್ತಿಲ್ಲ. ಚಿಕ್ಕ ಮಕ್ಕಳಿಗೆ ಕಚಗುಳಿ ಇಟ್ಟ ಹಾಗೆ ನಕ್ಕೆ, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅಕ್ಕ ಆ ಕಡೆ ತಿರುಗಿಕೊಂಡು, "ಹೋಯ್ತು, ಇವಳೂ ಹೋದ್ಲು" ಅಂದರು.

ಹೋದೆ, ನಿಜ. ಆಮೇಲೆ ಲೋಕವೆಲ್ಲ ಒದ್ದೆ ಕಾಗದದ ಹಾಗೆ ಕಾಣೋಕೆ ಶುರುವಾಯಿತು. ಬೀಟ್‌ರೂಟ್ ಹೆಚ್ಚಿದರೆ ಮಣೆ ಮೇಲೆ ಹರಡೋ ಬಣ್ಣ ನೋಡ್ತಾ ನಿಲ್ಲೋದು. ಒಲೆ ಮೇಲೆ ಹುಳಿ ಸೀಯೋದು. ಬಳಿದ ಬಣ್ಣ ಆರೋ ಮುಂಚೆ ನಾಲ್ಕು ಹರಳು ಕಲ್ಲುಪ್ಪು ಉದುರಿಸಿದರೆ ಹರಳಿನ ಸುತ್ತ ಬಣ್ಣ ಸರಿದು ನಕ್ಷತ್ರ ಬಿಡುತ್ತೆ. ಇದು ಗೊತ್ತಾದ ಮೇಲೆ ಮಗಳು ಉಪ್ಪಿನ ಡಬ್ಬಿ ಹುಡುಕಿದಾಗಲೆಲ್ಲ ಅದು ನನ್ನ ಚೀಲದಲ್ಲೇ ಇರ್ತಿತ್ತು. ಹಳೇ ಹಲ್ಲುಜ್ಜೋ ಬ್ರಶ್ಶಿಂದ ಬಣ್ಣ ಚಿಮುಕಿಸೋದು ಕಲಿತೆ, ಅಳಿಯನ ಆಫೀಸ್ ಷರ್ಟಿಗೆ ಎರಡು ಚುಕ್ಕೆ ಬಿತ್ತು. ಪಾಪ, "ಡಿಸೈನ್ ಚೆನ್ನಾಗಿದೆ ಅತ್ತೆ" ಅಂದ. ನಾನು ಬರೆದ ಎಮ್ಮೆ ಬಂಡೆ ಹಾಗಿತ್ತು, ಬಂಡೆ ಎಮ್ಮೆ ಹಾಗಿತ್ತು. ಯಾರಿಗೆ ಏನು ನಷ್ಟ? ಜೀವಮಾನವೆಲ್ಲ ಮಾಡಿದ ಕೆಲಸ ಸರಿ ಇದೆಯಾ ಅಂತ ಯಾರೋ ಒಬ್ಬರು ನೋಡೋರು. ಅನ್ನ ಬೆಂದಿದೆಯಾ, ಸೀರೆ ಫಾಲ್ ನೆಟ್ಟಗಿದೆಯಾ. ಇಲ್ಲಿ ನೋಡೋರಿಲ್ಲ. ಸೊಟ್ಟಗಾದಷ್ಟೂ ಖುಷಿ.

ಅಕ್ಕನಿಗೆ ಮರಕ್ಕಿಂತ ಮೆಟ್ರೋ ಕಂಬ ಇಷ್ಟ. "ಮರಾನ ಎಲ್ರೂ ಬರೀತಾರೆ, ಈ ಕಂಬಕ್ಕೆ ಯಾರು ಗತಿ" ಅನ್ನೋರು. ಒಂದು ಬೆಳಿಗ್ಗೆ ಬನಶಂಕರಿಯಲ್ಲಿ ಫುಟ್‌ಪಾತ್ ಮೇಲೆ ಕೂತು ಕಂಬ ಬರೀತಿದ್ದೀವಿ. ಅಕ್ಕ ಬ್ರಶ್ ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಿ ಅಳತೆ ನೋಡ್ತಿದ್ದಾರೆ. ಎದುರಿನ ಪಾತ್ರೆ ಅಂಗಡಿಯವರು ಗಲ್ಲಾ ಬಿಟ್ಟು ರಸ್ತೆ ದಾಟಿಕೊಂಡು ಬಂದೇಬಿಟ್ಟರು. ಮುಖದಲ್ಲಿ ರಕ್ತ ಇಲ್ಲ. ನಮ್ಮೂರಲ್ಲಿ ಯಾರಾದರೂ ಕಾಗದ ಹಿಡಿದು ಕಟ್ಟಡ ನೋಡ್ತಿದ್ದಾರೆ ಅಂದರೆ ರಸ್ತೆ ಅಗಲ ಮಾಡ್ತಾರೆ ಅಂತಲೇ ಅರ್ಥ.

"ಮೇಡಂ, ಸರ್ವೇನಾ? ನಮ್ಮ ಅಂಗಡಿ ಎಷ್ಟು ಅಡಿ ಹೋಗುತ್ತೆ?"

ಅಕ್ಕ ಚಿತ್ರ ನೋಡಿದರು, ಅವರನ್ನು ನೋಡಿದರು. "ನಿಮ್ಮ ಅಂಗಡಿ ಪೂರ್ತಿ ಹೋಗಿದೆ ಸಾರ್."

"ಪೂರ್ತೀನಾ?"

"ನೋಡಿ ಬೇಕಾದ್ರೆ." ಪ್ಯಾಡ್ ತಿರುಗಿಸಿದರು. ಕಂಬದ ಪಕ್ಕ ಅಂಗಡಿ ಇರಬೇಕಾದ ಕಡೆ ಬರೀ ನೇರಳೆ ಬಣ್ಣ ಹೊಗೆ ಥರ ಹರಡಿತ್ತು. ಆ ಮನುಷ್ಯ ಅಲ್ಲೇ ಕುಸಿದು ಕೂತರು. ಮೇಲೆದ್ದು ನಗೋಕೆ ಎರಡು ನಿಮಿಷ ಬೇಕಾಯಿತು. ಆಮೇಲೆ ಕಾಫಿ ತರಿಸಿದರು. ಅಕ್ಕ ಬ್ರಶ್ಶನ್ನು ಕಾಫಿಗೆ ಅದ್ದಿ, ಬಣ್ಣದ ನೀರನ್ನು ಒಂದು ಗುಟುಕು ಕುಡಿದರು. ಇದು ಅವರಿಗೆ ಮಾಮೂಲು.

ಇಲ್ಲಿಗೆ ಮುಗಿದಿದ್ದರೆ ಸರಿಯಾಗಿತ್ತು. ಆ ನೇರಳೆ ಹೊಗೆ ಇದ್ದ ಚಿತ್ರ ನೋಡಿದರೆ ಮೈ ಝುಂ ಅನ್ನೋ ಹಾಗಿತ್ತು. ಅಷ್ಟರಲ್ಲಿ ಅಂಗಡಿಯವರು, "ನಮ್ಮ ಬೋರ್ಡೂ ಹಾಕಿ ಮೇಡಂ" ಅಂದರು. ಅಕ್ಕ ಬೋರ್ಡು ಹಾಕಿದರು. ಬೋರ್ಡು ಬಂದ ಮೇಲೆ ಷಟರ್ ಬೇಡವಾ? ಷಟರ್ ಬಂತು. ತೂಗುಹಾಕಿದ್ದ ಕುಕ್ಕರ್ ಬಂತು, ಕರೆಂಟ್ ವೈರು, ವೈರಿನ ಮೇಲೆ ಕಾಗೆ. ಕಾಗೆಯ ಕಪ್ಪು ಇಳಿದು ಬೋರ್ಡಿಗೆ ಬಂತು, ಅದನ್ನ ಒರೆಸೋಕೆ ಹೋಗಿ ಕಂಬ ಕೆಸರಾಯಿತು. ಅಂಗಡಿಯವರು ಮೆಲ್ಲಗೆ, "ಮೊದ್ಲೇ ಚೆನ್ನಾಗಿತ್ತೇನೋ" ಅಂತ ಹೇಳಿ ಹೊರಟುಹೋದರು.

ಇದೇ ಅಕ್ಕನ ಕಾಯಿಲೆ. ಹತ್ತು ನಿಮಿಷಕ್ಕೆ ಅವರ ಕೈಯಲ್ಲಿ ಬರ್ತಿದ್ದ ಚಿತ್ರ ದೇವರಾಣೆಗೂ ನಾನು ಎಲ್ಲೂ ನೋಡಿಲ್ಲ. ಆಮೇಲೆ "ಇನ್ನೊಂದೇ ಚೂರು" ಅನ್ನೋರು, ಮುಗೀತು ಅದರ ಕಥೆ. ಮನೆಯಲ್ಲಿ ಒಂದು ಕಬ್ಬಿಣದ ಟ್ರಂಕ್ ತುಂಬ ಕೆಟ್ಟ ಚಿತ್ರಗಳೇ. ಒಂದೊಂದೇ ತೆಗೆದು ತೋರಿಸಿದ್ದರು. "ಇದು ಅಜೀರ್ಣ ಆಗಿ ಸತ್ತಿದ್ದು. ಇದೂ ಅಜೀರ್ಣ. ಇದು ನೋಡು, ಪಾಪ, ಒಂದು ಸೈಕಲ್ ಜಾಸ್ತಿ ತಿಂದು ಸತ್ತಿತು." ನಗ್ತಾ ಹೇಳಿದರೂ ಟ್ರಂಕ್ ಮುಚ್ಚುವಾಗ ಮುಖ ಸಪ್ಪಗಾಯಿತು.

ಅವರಿಗೆ ಬೇಕಾಗಿದ್ದು ಒಂದೇ ಚಿತ್ರ. ಕೆಡದೆ ಉಳಿದದ್ದು ಒಂದು. ಮೈಸೂರಲ್ಲಿ ಅವರ ತಂಗಿ ಇದ್ದರು, ಒಬ್ಬರೇ, ಹೊಸ ಮನೆ. ಬಾ ಬಾ ಅಂತ ಕರೀತಾನೇ ಇದ್ದರು. ಆದರೆ ಕರೆಯೋವಾಗಲೇ ಒಂದು ಮಾತು ಸೇರಿಸಿದ್ದರು: "ನೀನು ಬಾ, ನಿನ್ನ ಟ್ರಂಕ್ ಬೇಡ. ಆ ಕೊಚ್ಚೆ ಬಣ್ಣ ನನ್ನ ಹಾಲ್‌ಗೆ ಬೇಡ. ಒಂದು ನೆಟ್ಟಗಿರೋದು ಇದ್ರೆ ತಾ, ಮೊಳೆ ನಾನೇ ಹೊಡಿಸ್ತೀನಿ."

"ತಂಗಿ ಹೇಳಿದ್ರಲ್ಲಿ ತಪ್ಪಿಲ್ಲ ಕಣೇ" ಅಂದರು ಅಕ್ಕ. "ಆದ್ರೆ ಬರಿಗೈಲಿ ಹೋದ್ರೆ ಅಲ್ಲಿ ನಾನು ಸಾಯೋವರೆಗೂ ನೆಂಟಳು. ಗೋಡೆ ಮೇಲೆ ನಂದೊಂದು ಜಯನಗರ ಇದ್ರೆ ಅದು ನನ್ನ ಮನೇನೂ ಹೌದು. ಜೀವ ಇರೋದು ಒಂದು ಸಾಕು."

ಅದಕ್ಕೆ ನನ್ನನ್ನ ಕಾವಲಿಗೆ ನೇಮಿಸಿದರು. ಚಿತ್ರ ಚೆನ್ನಾಗಿದ್ದ ಗಳಿಗೆಗೆ ನಾನು "ಸಾಕು" ಅನ್ನಬೇಕು, ಅವರು ಬ್ರಶ್ ಇಡಬೇಕು. ಕೇಳೋಕೆ ಎಷ್ಟು ಸುಲಭ. ಆದರೆ ನಮ್ಮ ಜನಕ್ಕೆ ಸಾಕು ಅಂದರೆ ಯಾರು ನಿಲ್ಲಿಸ್ತಾರೆ? ಎಲೆ ಮುಂದೆ ಕೂತವರ ಮೊದಲನೇ ಸಾಕು ಸಂಕೋಚಕ್ಕೆ. ಎರಡನೇದು ಮರ್ಯಾದೆಗೆ. ಮೂರನೇದಕ್ಕೆ ಬಡಿಸೋರು ಸೌಟು ಅರ್ಧ ಮಾಡ್ತಾರೆ, ಅಷ್ಟೇ. ಅಕ್ಕನ ಮನೆಯಲ್ಲಂತೂ ನಾನು ಸಾಕು ಸಾಕು ಅಂತಲೇ ಎಷ್ಟು ಒಬ್ಬಟ್ಟು ತಿಂದಿದೀನೋ. ಅದೇ ಕೈಗೆ ಈಗ ಸಾಕು ಅಂದರೆ ಕೇಳುತ್ತಾ?

"ಸಾಕು ಅಕ್ಕ."

"ಹ್ಞೂಂ, ಹ್ಞೂಂ, ಈ ಕಿಟಕಿ ಒಂದು."

"ಅಕ್ಕ, ಸಾಕು."

"ಸಂಕೋಚ ಮಾಡ್ಕೋಬೇಡ ಸುಮ್ನಿರು."

ಚಿತ್ರ ಬರೆಯೋರು ಅವರು, ಸಂಕೋಚ ನಂದಂತೆ.

ಬ್ರಶ್ ಕಿತ್ತುಕೊಂಡು ನೋಡಿದೆ. ಬೆರಳು ಅದ್ದಿ ಮುಂದುವರಿಸಿದರು. ಕೊನೆಗೆ ಒಂದು ದಿನ ಸಾರಕ್ಕಿ ಕೆರೆ ದಂಡೆಯಲ್ಲಿ, ನೀರಿನ ಮೇಲೆ ಬೆಳಕು ಬಿದ್ದಿದ್ದು ಹಾಗೇ ಕಾಗದಕ್ಕೆ ಬಂದುಬಿಟ್ಟಿತು. ನನಗೆ ತಡೆಯಲಾಗಲಿಲ್ಲ. ಊಟದಲ್ಲಿ ನಿಜವಾಗಲೂ ಬೇಡ ಅಂದಾಗ ಏನು ಮಾಡ್ತೀವಿ? ಎಲೆ ಮೇಲೆ ಬಗ್ಗಿ ಎರಡು ಕೈಯೂ ಅಡ್ಡ ಇಡ್ತೀವಿ. ನಾನೂ ಅದನ್ನೇ ಮಾಡಿದೆ. ಬಗ್ಗಿದ ಭರಕ್ಕೆ ಅಂಗೈ ನೇರ ಕೆರೆ ಮೇಲೇ ಬಿತ್ತು. ಎತ್ತಿ ನೋಡಿದರೆ ನನ್ನ ಕೈ ನೀಲಿ, ಕೆರೆ ಮಧ್ಯದಲ್ಲಿ ಐದು ಬೆರಳು ಎದ್ದು ನಿಂತಿವೆ.

ಅಕ್ಕ ಕತ್ತು ಓರೆ ಮಾಡಿ, "ಚೆನ್ನಾಗಿದೆ ಕಣೇ" ಅಂದರು. ನನಗೂ ಹಾಗೇ ಅನ್ನಿಸಿತು. ನೀರೊಳಗಿಂದ ಯಾರೋ ಕೈ ಬೀಸಿ ಕರೆದ ಹಾಗಿತ್ತು. ಬಿಟ್ಟರಾ? "ಇನ್ನೊಂದೇ ಚೂರು" ಅಂತ ಆ ಐದು ಬೆರಳನ್ನ ನವಿಲಿನ ಗರಿ ಮಾಡೋಕೆ ಹೋದರು. ನವಿಲಿಗೆ ಕಾಲು ಬೇಕು, ಕಾಲಿಗೆ ನೆಲ ಬೇಕು, ಕೆರೆ ಮಧ್ಯ ನೆಲ ಎಲ್ಲಿಂದ ಬರಬೇಕು? ಅದೂ ಟ್ರಂಕ್ ಸೇರಿತು. ನಗ್ತಾ ನಗ್ತಾ ಮನೆಗೆ ಬಂದೆವು. ಮಗಳು ನನ್ನ ನೀಲಿ ಕೈ ನೋಡಿ ಡಾಕ್ಟರ ಹತ್ತಿರ ಹೊರಡಿಸಿದಳು.

ಹೀಗೇ ಹೋಗ್ತಿತ್ತು ಕಾಲ. ಅಷ್ಟರಲ್ಲಿ ತಂಗಿಗೆ ಮಂಡಿ ಆಪರೇಷನ್ ಅಂತ ಗೊತ್ತಾಯಿತು. ಅಕ್ಕ ಈಗ ಹೋಗಲೇಬೇಕು. ಮನೆ ಖಾಲಿ ಆಯಿತು. ಹೊರಡೋ ಹಿಂದಿನ ದಿನ ಬೆಳಿಗ್ಗೆ ನಾನು ಹೋದಾಗ ಖಾಲಿ ಹಾಲಲ್ಲಿ ಆ ಟ್ರಂಕ್ ಮೇಲೆ ಕೂತಿದ್ದರು.

"ಇದನ್ನ ರದ್ದಿಯವನಿಗೆ ಹೇಳಿದೀನಿ" ಅಂದರು. ಆಮೇಲೆ, "ಇವತ್ತು ಒಂದು ಬೆಳಿಗ್ಗೆ ಇದೆ. ಬರ್ತೀಯಾ?"

ಜಯನಗರ ಫೋರ್ತ್ ಬ್ಲಾಕ್ ಮಾರ್ಕೆಟ್ಟಿಗೆ ಹೋದೆವು. ಹೂವಿನ ಸಾಲಲ್ಲಿ ಆಗ ತಾನೇ ಮೂಟೆ ಬಿಚ್ಚುತ್ತಿದ್ದರು. ಸೇವಂತಿಗೆ ರಾಶಿ, ಚೆಂಡುಹೂವಿನ ರಾಶಿ, ಮೇಲೆ ನೀಲಿ ಟಾರ್ಪಾಲು. ಅದರ ತೂತಿಂದ ಬಿಸಿಲು ಇಳೀತಿತ್ತು. ಕನಕಾಂಬರ ಕಟ್ಟುತ್ತಿದ್ದ ಹೂವಿನಕ್ಕ, "ಎಲ್ಲಾದ್ರೂ ಕೂತ್ಕೊಳ್ರವ್ವ, ಬುಟ್ಟಿ ಮಾತ್ರ ತುಳೀಬ್ಯಾಡಿ" ಅಂದಳು.

ಅಕ್ಕ ಕಾಗದ ಒದ್ದೆ ಮಾಡಿದರು. ಹಳದಿ ಬಿಟ್ಟರು. ಅದು ಸೇವಂತಿಗೆಯಿಂದ ಹೊರಟು ಹೂವಿನಕ್ಕನ ಸೀರೆಗೆ ಹೋಯಿತು, ಸೀರೆ ಎಲ್ಲಿ ಮುಗೀತು ಹೂವು ಎಲ್ಲಿ ಶುರುವಾಯಿತು ಗೊತ್ತಾಗಲಿಲ್ಲ. ಮೇಲಿಂದ ನೀಲಿ ಇಳಿಸಿದರು. ನೀಲಿ ಹಳದಿ ಮುಟ್ಟಿದ ಕಡೆ ಎಳೇ ಹಸಿರು ಹುಟ್ಟಿತು. ಬಿಸಿಲಿಗೆ ಏನೂ ಬಳಿಯಲಿಲ್ಲ, ಬರೀ ಬಿಳಿ ಕಾಗದ ಬಿಟ್ಟರು, ಅದೇ ಬಿಸಿಲಾಗಿ ಸುರೀತಿತ್ತು. ಹೂವಿನಕ್ಕನ ಮುಖಕ್ಕೆ ಒಂದೇ ಕಂದು ಬೊಟ್ಟು. ಅವಳು ಮೂಟೆಯವನನ್ನ ಬೈತಿದ್ದಾಳೆ ಅಂತ ಆ ಬೊಟ್ಟಲ್ಲೇ ಗೊತ್ತಾಗ್ತಿತ್ತು.

ಚಿತ್ರ ಬಂದಿದೆ. ಇದೇ. ಇದು ಮೈಸೂರಿಗೆ ಹೋಗೋದು.

ಅಕ್ಕ ಬ್ರಶ್ ತೊಳೆದರು. ಕಪ್ಪು ಬಣ್ಣಕ್ಕೆ ಅದ್ದಿದರು.

"ಆ ತಕ್ಕಡಿ ಒಂದು. ಇನ್ನೊಂದೇ ಚೂರು."

ಸಾಕು ಅನ್ನೋಕೆ ಬಾಯಿ ತೆರೆದೆ, ಪ್ರಯೋಜನ ಇಲ್ಲ ಅಂತ ಮುಚ್ಚಿದೆ. ಕೈ ಅಡ್ಡ ಇಡೋ ಹಾಗಿಲ್ಲ. ನಾನು ಯೋಚನೆ ಮಾಡಲಿಲ್ಲ. ಅವರ ತೊಡೆ ಮೇಲಿಂದ ಪ್ಯಾಡ್ ಎತ್ತಿಕೊಂಡೆ. ಎದ್ದೆ. ಓಡಿದೆ.

ನಾನು ಓಡಿ ಯಾವ ಕಾಲವಾಗಿತ್ತೋ. ತುಂಬಿದ ಪಾಯಸದ ಬಟ್ಟಲು ಹಿಡಿದ ಹಾಗೆ ಪ್ಯಾಡನ್ನ ಎರಡೂ ಕೈಯಲ್ಲಿ ಮಟ್ಟವಾಗಿ ಹಿಡಿದು, ಕಾಲನ್ನ ಅದರ ಪಾಡಿಗೆ ಬಿಟ್ಟು ಓಡಿದೆ. ಹಿಂದೆ ಅಕ್ಕನ ಧ್ವನಿ. ದೂರದೂರಿಗೆ ಕೇಳೋ ಹಾಗೆ ಹಲೋ ಅಂದು ಪಳಗಿದ ಧ್ವನಿ ಅದು, ಮಾರ್ಕೆಟ್ಟೇ ತಿರುಗಿ ನೋಡಿತು.

"ಹಿಡೀರಿ ಅವಳನ್ನ. ನನ್ನ ಚಿತ್ರ ಅದು."

"ಏನ್ ಕದ್ದಳಂತೆ?" ಅಂತ ಒಬ್ಬರು.

"ಹೂವಾ?"

"ಅಜ್ಜಿ ಕಣ್ರೋ, ದಾರಿ ಬಿಡಿ, ಬಿದ್ದೋಯ್ತಾರೆ."

ಹೂವಿನಕ್ಕ ಮಾತ್ರ ನ್ಯಾಯ ಅನ್ಯಾಯ ಕೇಳಲಿಲ್ಲ. "ಓಡವ್ವ, ಓಡು" ಅಂತ ನನ್ನ ಪರ ನಿಂತಳು. ಬಾಳೆಹಣ್ಣಿನ ಗಾಡಿ ಸುತ್ತಿಕೊಂಡು ಮೂಲೆ ತಿರುಗಿದೆ, ಪ್ಯಾಡ್ ವಾಲಿತು, ಟಾರ್ಪಾಲಿನ ನೀಲಿ ಒಂದು ಎಳೆ ಜಾರಿ ಕೆಳಗಿಳಿಯಿತು. ಅಯ್ಯೋ ಅಂದುಕೊಂಡು ಎದುರಿಗೆ ನಿಂತಿದ್ದ ಆಟೋ ಹತ್ತಿದೆ.

"ಹೋಗಪ್ಪ."

"ಎಲ್ಲಿಗಜ್ಜಿ?"

"ಒಣಗೋವರೆಗೂ ಹೋಗು."

ಆ ಡ್ರೈವರ್ ಒಳ್ಳೆಯವನು. ಕನ್ನಡಿಯಲ್ಲಿ ನನ್ನ ಮುಖ ನೋಡಿದ, ಕೈಯಲ್ಲಿದ್ದ ಚಿತ್ರ ನೋಡಿದ, ಹಿಂದೆ ಬ್ರಶ್ ಎತ್ತಿ ಹಿಡಿದು ಬರ್ತಿದ್ದ ಟೋಪಿ ಹೆಂಗಸನ್ನ ನೋಡಿದ. ಮೀಟರ್ ಹಾಕಿ ಹೊರಟ. ಮರಗಳ ಕೆಳಗೆ ಒಂದು ರಸ್ತೆ, ಇನ್ನೊಂದು ರಸ್ತೆ. ನಾನು ಪ್ಯಾಡನ್ನ ಗಾಳಿಗೆ ಹಿಡಿದು ಕೂತೆ. ಬಿಸಿಲು ಬಂತು, ನೆರಳು ಬಂತು, ಕಾಗದದ ಹೊಳಪು ಮೆಲ್ಲಮೆಲ್ಲಗೆ ಆರಿತು. ನನಗೆ ನಗು ತಡೆಯೋಕಾಗ್ತಿಲ್ಲ. ಸಿಗ್ನಲ್ಲಲ್ಲಿ ಪಕ್ಕದ ಸ್ಕೂಟರ್ ಹುಡುಗಿ, "ಸೂಪರ್ ಆಂಟಿ" ಅಂದಳು. ನನಗೆ ಅಂದಳೋ ಚಿತ್ರಕ್ಕೆ ಅಂದಳೋ. ಅಂಚು ಮುಟ್ಟಿ ನೋಡಿದೆ. ಒಣಗಿತ್ತು. "ತಿರುಗಿಸಪ್ಪ" ಅಂದೆ.

ಅಕ್ಕ ಫುಟ್‌ಪಾತಿನಲ್ಲೇ ನಿಂತಿದ್ದರು. ಬೈತಾರೆ ಅಂದುಕೊಂಡೆ. ಪ್ಯಾಡ್ ತಗೊಂಡರು. ನೀಲಿ ಜಾರಿದ್ದ ಆ ಎಳೆ ಹೂವಿನ ರಾಶಿಯವರೆಗೂ ಇಳಿದು, ಯಾರೋ ಆಗ ತಾನೇ ಹೂವಿಗೆ ನೀರು ಚಿಮುಕಿಸಿದ ಹಾಗಿತ್ತು. ಅದರ ಮೇಲೆ ಬೆರಳಿಟ್ಟು ತುಂಬಾ ಹೊತ್ತು ನೋಡಿದರು. ಬಲಗೈಯಲ್ಲಿ ಬ್ರಶ್ ಹಾಗೇ ಇತ್ತು. ಇನ್ನೂ ಒದ್ದೆ, ಇನ್ನೂ ಕಪ್ಪು.

ಡ್ರೈವರ್ ಇಳಿದು ಬಂದು ಅವರ ಭುಜದ ಪಕ್ಕ ಇಣುಕಿದ.

"ನಮ್ಮ ಸ್ಟ್ಯಾಂಡ್ ಪಕ್ಕದ ಹೂವಿನ ಸಾಲಲ್ವಾ ಮೇಡಂ?"

"ಗೊತ್ತಾಯ್ತಾ?"

"ಗೊತ್ತಾಗ್ದೆ ಏನು, ದಿನಾ ಇಲ್ಲೇ ನಿಲ್ಲಿಸೋದು." ಇನ್ನೂ ಸ್ವಲ್ಪ ಬಗ್ಗಿದ. ಬಿಸಿಲಿಗೆ ಅಂತ ಬಿಟ್ಟಿದ್ದ ಬಿಳಿ ಕಾಗದದ ಮೇಲೆ ಬೆರಳು ತೋರಿಸಿದ. "ಇಲ್ಲಿ ಜಾಗ ಖಾಲಿ ಇದೆ ನೋಡಿ. ನಂದೊಂದು ಆಟೋ ಹಾಕ್ಬಿಡಿ."

ಅಕ್ಕನ ಬಲಗೈ ಮೇಲೆದ್ದಿತು. ಬ್ರಶ್ಶಿನ ತುದಿ ಕಾಗದದ ಹತ್ತಿರ ಬಂತು, ಅಲ್ಲೇ ನಿಂತಿತು. ಈ ಸಲ ನಾನು ಏನೂ ಅನ್ನಲಿಲ್ಲ, ಕಸಿದುಕೊಳ್ಳಲೂ ಇಲ್ಲ.

ಅಕ್ಕ ಕೈ ಇಳಿಸಿದರು. ಬ್ರಶ್ಶಿನ ಕಪ್ಪನ್ನ ತಮ್ಮ ಸೀರೆ ಸೆರಗಿಗೇ ಒರೆಸಿಕೊಂಡರು.

"ಜಾಗ ಇರ್ಲಿ ಬಿಡಪ್ಪ" ಅಂದರು.